ಅಂಚು ಸುಟ್ಟ ಕಾಗದ

"ಕಟ್!" ಎಂದು ಹಯಗ್ರೀವ ಕೂಗಿದ್ದು ಅದು ಹನ್ನೊಂದನೆಯ ಸಲ. ಅಮೆರಿಕದ ಡಾಲಸ್ ಬಳಿಯ ಕಾಪೆಲ್‌ನ ಅವನ ಗ್ಯಾರೇಜು ಬೆಳಿಗ್ಗೆಯಿಂದ ಸಾವಿರದ ಒಂಬೈನೂರ ನಲವತ್ತಮೂರರ ಮೈಸೂರಾಗಿತ್ತು. ಎರಡು ಕಾರುಗಳೂ ಬೀದಿಯಲ್ಲಿ ನಿಂತು ಬಿಸಿಲು ಕಾಯುತ್ತಿದ್ದವು. ಸಿನಿಮಾದ ಕಥೆ ಇಷ್ಟೆ: ಅಮಲ್ದಾರರ ಮಗಳಿಗೂ ಜಟಕಾದವನ ಮಗನಿಗೂ ಪ್ರೇಮ. ಹುಡುಗ ಬರ್ಮಾ ಯುದ್ಧಕ್ಕೆ ಹೋಗುತ್ತಾನೆ. ಅವನು ಸತ್ತನೆಂದು ಅಪ್ಪ ಸುಳ್ಳು ಹೇಳುತ್ತಾನೆ, ಮಗಳು ನಂಬಿ ಅಳಬೇಕು. ಆದರೆ ಮಗಳ ಪಾತ್ರದ ಸುಪ್ರಜಾಗೆ ಏನು ಮಾಡಿದರೂ ಅಳುವೇ ಬರುತ್ತಿರಲಿಲ್ಲ.

"ಬಟ್ ವೈ, ಅಂಕಲ್? ಅಪ್ಪ ಹೇಳಿದ ತಕ್ಷಣ ನಂಬಿಬಿಡೋಕೆ ಅವಳೇನು ಸ್ಟುಪಿಡ್ಡಾ?"

ಹಯಗ್ರೀವ ಗಡಿಯಾರ ನೋಡಿದ. ನಾಳೆ ಸಂಜೆಯೊಳಗೆ ಸಿನಿಮಾ ಹ್ಯೂಸ್ಟನ್ನಿಗೆ ಹೋಗಬೇಕು. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡಿಗರ ಕಿರುಚಿತ್ರ ಸ್ಪರ್ಧೆಯಲ್ಲಿ ಡಾಲಸ್‌ನವರು ನಾಲ್ಕು ವರ್ಷದಿಂದ ಬರಿಗೈಯಲ್ಲಿ ವಾಪಸಾಗುತ್ತಿದ್ದರು. ಈ ಸಲವೂ ಸೋತರೆ ಮುಖ ಎತ್ತಿಕೊಂಡು ತಿರುಗುವ ಹಾಗಿರಲಿಲ್ಲ.

ಹನ್ನೆರಡನೆಯ ಟೇಕ್ ಶುರುವಾಯಿತು. ಅಷ್ಟರಲ್ಲಿ ಹೊನ್ನಮ್ಮ ಉಪ್ಪಿಟ್ಟಿನ ಪಾತ್ರೆ ಹಿಡಿದು ಒಳಗೆ ಬಂದಳು. ಮಂಡ್ಯದ ಕಡೆಯವಳು, ಹತ್ತಿರದ ಊರು ಯೂಲೆಸ್‌ನಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಕನ್ನಡದವರ ಕಾರ್ಯಕ್ರಮಗಳಿಗೆಲ್ಲ ಅಡುಗೆ ಮಾಡಿಕೊಡುತ್ತಿದ್ದಳು. ಅವಳ ಕೈಯಡುಗೆ ಎಲ್ಲರಿಗೂ ಬೇಕಿತ್ತು, ಅವಳ ಮಾತು ಮಾತ್ರ ಯಾರಿಗೂ ಬೇಕಿರಲಿಲ್ಲ. ಪಾತ್ರೆ ಇಳಿಸಲು ಹೋದವಳ ಕಣ್ಣಿಗೆ ಮೇಜಿನ ಮೇಲಿದ್ದ ಪ್ರೇಮಪತ್ರ ಬಿತ್ತು. ಹಳೆಯದಾಗಿ ಕಾಣಲೆಂದು ಯಾರೋ ಅದನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಒಣಗಿಸಿ, ಲೈಟರಿನಿಂದ ಸುತ್ತಲೂ ಅಂಚು ಸುಟ್ಟಿದ್ದರು.

"ಅಯ್ಯೋ ಶಿವನೇ! ಈ ಕಾಗ್ದ ಯಾರು ತಂದು ಒಳಗಿಟ್ಟಿದ್ದು?"

ಹನ್ನೆರಡನೆಯ ಟೇಕೂ ಹಾಳಾಯಿತು. "ಹೊನ್ನಮ್ಮನವರೇ, ಪ್ಲೀಸ್!" ಹಯಗ್ರೀವ ರೇಗಿದ. "ಸೌಂಡ್ ರೆಕಾರ್ಡ್ ಆಗ್ತಿದೆ. ತಿಂಡಿ ಅಲ್ಲಿಟ್ಟು ಹೋಗಿ. ಅಡುಗೆ ನೀವು ನೋಡ್ಕೊಳ್ಳಿ, ಸಿನಿಮಾ ನಾವು ನೋಡ್ಕೋತೀವಿ."

ಹೊನ್ನಮ್ಮನ ಕೆನ್ನೆಗೆ ಹೊಡೆದಂತಾಯಿತು. ಬೇರೆ ದಿನವಾಗಿದ್ದರೆ ನುಂಗಿಕೊಂಡು ಹೋಗಿಬಿಡುತ್ತಿದ್ದಳು. ಆದರೆ ಆ ಕಪ್ಪು ಅಂಚು ನೋಡಿದ ಮೇಲೆ ಕಾಲೇ ಏಳಲಿಲ್ಲ.

"ಹೋಯ್ತೀನಿ ಸಾರ್. ಆದ್ರೆ ಇದು ಪ್ರೀತಿ ಕಾಗ್ದ ಅಲ್ಲ, ಸಾವಿನ ಕಾಗ್ದ. ಮದುವೆ ಕಾಗ್ದಕ್ಕೆ ಅರಿಶಿನ ಹಚ್ತೀವಲ್ಲ, ಹಂಗೇ ಸಾವಿನ ಸುದ್ದಿಗೆ ಅಂಚಿಗೆ ಮಸಿ. ಕಪ್ಪು ಕಂಡ್ರೆ ಮುಗೀತು, ಒಳಕ್ಕೆ ತರ್ತಿರ್ಲಿಲ್ಲ, ಹೊರಗೇ ಹರ್ದು ಬಿಸಾಕೋರು. ನಮ್ಮಜ್ಜಿನೂ ಹಂಗೇ ಮಾಡಿದ್ಲು. ಅಜ್ಜ ಇದೇ ಬರ್ಮಾ ಯುದ್ಧಕ್ಕೆ ಹೋಗಿದ್ದ. ಬಾಂಬು ಬಿದ್ದು ಅಂಚೆ ಚೀಲ ಸುಟ್ಟಿತ್ತು ಅನ್ನೋದು ಅವಳಿಗೇನು ಗೊತ್ತು? ಕರಕಲು ಅಂಚು ನೋಡಿದ್ಲು, ಹರ್ದು ನಾಲೆಗೆ ಹಾಕಿದ್ಲು."

"ಯಾರ ಹತ್ರನಾದ್ರೂ ಓದಿಸಬಹುದಿತ್ತಲ್ವಾ ಆಂಟಿ?" ಎಂದಳು ಸುಪ್ರಜಾ.

"ಯಾರ ತಾವ ಓದಿಸೋದು ಮಗಾ? ಓದು ಬರ್ತಿದ್ದಿದ್ದು ದೊಡ್ಡಮನೆಯೋರಿಗೆ. ಸೂತಕದ ಕಾಗ್ದ ಹಿಡ್ಕೊಂಡು ಅವ್ರ ಹೊಸ್ಲು ತುಳಿಯಕ್ಕಾಯ್ತದಾ?"

ಸುಪ್ರಜಾ ಮಹಡಿಯೆಂದು ಹಾಕಿದ್ದ ಹಲಗೆಯ ಮೇಲೆ ಹೋಗಿ ನಿಂತು ಕೆಳಗೆ ನೋಡಿದಳು. "ಅಂದ್ರೆ, ನಾನು ಇಲ್ಲೇ ಇದೀನಿ. ನಂಗೆ ಓದೋಕೆ ಬರುತ್ತೆ. ಯುದ್ಧಕ್ಕೆ ಹೋದ ಹುಡುಗನ ಅಮ್ಮ ಕೆಳಗಡೆ ಅವನ ಕಾಗದಾನ ಹರೀತಿದಾಳೆ." ಗ್ಲಿಸರಿನ್ ಇಲ್ಲದೆ ಅವಳ ಕಣ್ಣು ತುಂಬಿಕೊಂಡವು.

ಹಯಗ್ರೀವ ಅಪ್ಪನ ಸುಳ್ಳಿನ ಎರಡು ಪುಟ ಸರಕ್ಕನೆ ಹರಿದೆಸೆದ. ಜಟಕಾದವನ ಹೆಂಡತಿಯ ಪಾತ್ರಕ್ಕೆ ಯಾರು ಎಂದು ಸುತ್ತ ನೋಡಿದ. ಸೌಟು ಹಿಡಿದ ಹೊನ್ನಮ್ಮನ ಮೇಲೆ ಕಣ್ಣು ನಿಂತಿತು. "ಅಮ್ಮಾ, ನಾನು ಹಾಗೆ ಮಾತಾಡಬಾರದಿತ್ತು. ತಪ್ಪಾಯ್ತು. ನೀವೇ ಮಾಡ್ತೀರಾ?"

"ಸೌಟು ಹಿಡ್ಕೊಳ್ಳಿ," ಎಂದು ಅವನ ಕೈಗೇ ಕೊಟ್ಟು ಹೊನ್ನಮ್ಮ ಸೆರಗು ಸಿಕ್ಕಿಸಿದಳು.

ಅಂಚೆಯವನ ವೇಷದ ಹುಡುಗನಿಂದ ಕಾಗದ ತೆಗೆದುಕೊಂಡಳು. ಅಂಚು ನೋಡಿದಳು. ಆ ಕಡೆ ಈ ಕಡೆ ತಿರುಗಿಸಿ, ಕರಕಲನ್ನು ಬೆರಳಿನಿಂದ ಉಜ್ಜಿ ಉಜ್ಜಿ, ಹೋಗುತ್ತದೇನೋ ಎಂದು ಪರೀಕ್ಷೆ ಮಾಡಿದಳು. ಹೋಗಲಿಲ್ಲ. ಆಮೇಲೆ ಹರಿದಳು, ಕೂಗಿದಳು. ಆ ಕೂಗಿಗೆ ಪಕ್ಕದ ಮನೆಯ ಅಮೆರಿಕನ್ ಮುದುಕ ಆಂಬುಲೆನ್ಸ್ ಕರೆಯಲೇ ಎಂದು ಫೋನು ಹಿಡಿದು ಓಡಿ ಬಂದ. ಒಂದೇ ಟೇಕಿಗೆ ಓಕೆ ಆಯಿತು.

ಮೂರು ವಾರದ ನಂತರ ಹ್ಯೂಸ್ಟನ್ನಿನ ಸಭಾಂಗಣದಲ್ಲಿ ಪರದೆಯ ಮೇಲೆ ಮೊದಲು ಬಂದ ಹೆಸರು 'ಕಥೆ: ಹೊನ್ನಮ್ಮ'. ಕಾಗದದ ಚೂರುಗಳು ನೆಲಕ್ಕೆ ಬೀಳುವಲ್ಲಿ ಸಿನಿಮಾ ಮುಗಿದಾಗ ಇಡೀ ಸಭೆ ಎದ್ದು ನಿಂತಿತು. ಮೊದಲ ಬಹುಮಾನ ಡಾಲಸ್‌ಗೇ. ಇದು ಹೊನ್ನಮ್ಮನ ಅಜ್ಜಿಯ ಕಥೆ ಎಂದು ಹೇಳಿ ಹಯಗ್ರೀವ ಮೈಕನ್ನು ಅವಳ ಕೈಗೆ ಕೊಟ್ಟ. ಹೊನ್ನಮ್ಮ ಅದನ್ನು ಹೆಮ್ಮೆಯಿಂದ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಷ್ಟರಲ್ಲಿ ಆಸ್ಟಿನ್ನಿನವನೊಬ್ಬ ತಡೆಯಲಾರದೆ ಹಿಂದಿನ ಸಾಲಿನಿಂದ ಕೂಗಿ ಕೇಳಿದ: "ಅಮ್ಮಾ, ನಿಮ್ಮಜ್ಜ ಸತ್ತೇ ಹೋಗಿದ್ರಾ?"

ಹೊನ್ನಮ್ಮ ಕಣ್ಣೊರೆಸಿಕೊಂಡು ಜೋರಾಗಿ ನಕ್ಕಳು.

"ನಮ್ಮವ್ವ ಹುಟ್ಟಿದ್ದು ನಲವತ್ತೇಳ್ರಲ್ಲಿ ಕಣಪ್ಪ. ಅಜ್ಜ ವಾಪಸ್ ಬರ್ದೇ ಇದ್ದಿದ್ರೆ ಈ ಮೈಕು ಇವತ್ತು ಯಾರ ಕೈಲಿರ್ತಿತ್ತು?"