ಎಲ್ಲರಿಗೂ ಒಂದೇ ಬಣ್ಣ

ಟಿವಿ ಸುದ್ದಿಯಲ್ಲಿ ಆರೋಪಿಗಳ ಮುಖಕ್ಕೆಲ್ಲ ಒಂದೇ ಬಣ್ಣ ಹಚ್ಚಬೇಕೆಂಬ ಕಾನೂನು ಬಂದು ಏಳು ವರ್ಷವಾಗಿತ್ತು. ಯಾರಿಗೂ ಭೇದಭಾವ ಆಗಬಾರದೆಂದು ಸಮಿತಿಯವರು ಎಲ್ಲ ಬಣ್ಣಗಳನ್ನೂ ಕಲೆಸಿದಾಗ ಬಂದದ್ದು ಕಡುಗಪ್ಪು. ಹುಬ್ಬಳ್ಳಿಯ ಚಾನೆಲ್ಲೊಂದರಲ್ಲಿ ಅದನ್ನು ಹಚ್ಚುವ ಕೆಲಸ ಹಿಂದೆಂದೋ ಆಫ್ರಿಕಾದಿಂದ ಬಂದ ಸಿದ್ದಿ ಜನಾಂಗದ, ಹಳಿಯಾಳದ ಲುಯಿಜಾಳದು.

ಸೋಮವಾರ ಅವಳು ಸರಗಳ್ಳನೊಬ್ಬನ ಸಿಸಿಟಿವಿ ಚಿತ್ರಕ್ಕೆ ಬಣ್ಣ ಹಚ್ಚಿದ್ದಳು. ಹೆಲ್ಮೆಟ್ಟಿನ ಸಂದಿಯಲ್ಲಿ ಕಂಡಷ್ಟು ಮುಖ ಹಾಲಿನಂತೆ ಬೆಳ್ಳಗಿತ್ತು. ಅಸಲಿ ಚಿತ್ರವನ್ನು ನಿಯಮದಂತೆ ಅಳಿಸಿಯೂ ಆಗಿತ್ತು.

ಗುರುವಾರ, ಟಿವಿ ನೋಡಿದ ಯಾರೋ ಕೊಟ್ಟ ಸುಳಿವಿನ ಮೇಲೆ, ಪೊಲೀಸರು ಅವಳ ತಮ್ಮ ಬಸ್ತ್ಯಾಂವನನ್ನು ಗ್ಯಾರೇಜಿನಿಂದ ಎಳೆದೊಯ್ದರು. ಸರ ಕಳೆದುಕೊಂಡ ಅಜ್ಜಿ ಠಾಣೆಯಲ್ಲಿ ಗುರುತಿಸಲೆಂದು ಸಾಲಾಗಿ ನಿಲ್ಲಿಸಿದವರನ್ನೆಲ್ಲ ನೋಡಿ, "ಟಿವಿಯೊಳಗ ಕಂಡಾಂವ ಇವನ ರೀ" ಎಂದುಬಿಟ್ಟಳು.

ಲುಯಿಜಾ ಸಂಪಾದಕ ದೇಸಾಯಿಯವರ ಮುಂದೆ ಕೈಮುಗಿದು ನಿಂತಳು. "ಸರ್, ಆ ಕಳ್ಳ ಬೆಳ್ಳಗಿದ್ದ. ನಾನ ಕಣ್ಣಾರೆ ನೋಡೇನ್ರಿ. ಇದೊಂದ ಮಾತು ಸುದ್ದಿಯೊಳಗ ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

"ಬಣ್ಣದ ಮಾತು ಎತ್ತಿದ್ರ ನಮಗಿಬ್ಬರಿಗೂ ಜೈಲಾಗ್ತದವ್ವಾ" ಎಂದರು ದೇಸಾಯಿಯವರು, ನಿಜವಾದ ಕರುಣೆಯಿಂದಲೇ. "ಈ ಕಾನೂನು ನಿಮ್ಮಂಥವ್ರ ಸಲುವಾಗೇ ಮಾಡ್ಯಾರ. ಆರರ ಸುದ್ದಿಗೆ ಅವನ ಫೋಟೋ ತಯಾರ್ ಮಾಡು."

ಅವಳು ತನ್ನ ಕುರ್ಚಿಗೆ ಬಂದು ತಮ್ಮನ ಫೋಟೋ ತೆರೆದಳು. ಬಣ್ಣದ ಗುಂಡಿ ಒತ್ತಿದಳು.

ಏಳು ವರ್ಷಗಳಲ್ಲಿ ಮೊದಲ ಸಲ ಪರದೆಯ ಮೇಲಿನ ಮುಖ ಒಂದಿಷ್ಟೂ ಬದಲಾಗಲಿಲ್ಲ.