ಹಾಲಿನ ಬಣ್ಣ

ಮೇದ ಮೇವಿನ ಬಣ್ಣ ಹಾಲಿಗೆ ಇಳಿಯತೊಡಗಿದ ಮೇಲೆ ಊರಿನಲ್ಲಿ ಕದ್ದು ಮೇಯಿಸುವುದು ಕಷ್ಟವಾಗಿತ್ತು. ಡೈರಿಯಲ್ಲಿ ಕ್ಯಾನಿನ ಮುಚ್ಚಳ ತೆಗೆದರೆ ಸಾಕು, ಯಾರ ಹೊಲದ ಮೇವೆಂದು ಗೊತ್ತಾಗುತ್ತಿತ್ತು. ಆದರೆ ಕಲ್ಲವ್ವನ ತಂಬಿಗೆಯಲ್ಲಿದ್ದದ್ದು ಕಡುನೀಲಿ ಹಾಲು. ಎಮ್ಮೆ ನಿನ್ನೆಯಿಂದ ಮೆಲುಕು ಹಾಕದೆ, ಜೊಲ್ಲು ಸುರಿಸುತ್ತ ಬಿದ್ದಿತ್ತು. ಅವಳು ತಂಬಿಗೆಯನ್ನು ಪಕ್ಕದ ಹೊಲದ ಶಿವರುದ್ರಪ್ಪನ ಮನೆ ಕಟ್ಟೆಯ ಮೇಲೆ ಕುಕ್ಕಿದಳು.

“ಕಸ ಸಾಯಲಿ ಅಂತ ನೀ ಹೊಲಕ್ಕ ಹೊಡದ ಎಣ್ಣಿ ಬಣ್ಣನ ಇದು. ಗಾಳಿಗೆ ಹಾರಿ ನನ್ನ ಬದುವಿನ ಹುಲ್ಲಿಗೆ ಬಿದ್ದೈತಿ.”

“ಅಂದ್ರ ನಿನ್ನ ಎಮ್ಮಿ ನನ್ನ ಹೊಲ ಹೊಕ್ಕು ಮೇದೈತಿ ಅಂತ ನೀನ ಒಪ್ಪಿದಂಗಾತು,” ಅವನು ನಕ್ಕ. “ಗಾಳಿ ಅಂತ ಗಾಳಿ! ಆ ಬದುವಿನ ಮಗ್ಗಲಕ್ಕ ನನ್ನ ಮೂರೂ ಎಮ್ಮಿ ಮೇದಾವ. ಅವಕ್ಕ್ಯಾಕ ಏನೂ ಆಗಿಲ್ಲ? ಗುಂಡಕಲ್ಲಿನಂಗ ಅದಾವ.”

ಜಗಳಕ್ಕೆ ಬಂದವರನ್ನೂ ಚಹಾ ಕೊಡದೆ ಕಳಿಸುವ ಊರಲ್ಲ ಅದು. ಅವನ ಮುದಿ ತಾಯಿ ಎಂದಿನ ರೂಢಿಯಂತೆ ಕಪ್ಪು-ಬಸಿಯಲ್ಲಿ ಚಹಾ ತಂದು ಅವಳ ಮುಂದಿಟ್ಟಳು. ಶಿವರುದ್ರಪ್ಪ ತಾಯಿಯನ್ನು ದುರುಗುಟ್ಟಿ ನೋಡಿದ.

ಕಲ್ಲವ್ವ ಚಹಾವನ್ನು ಬಸಿಗೆ ಸುರುವಿದಳು. ಕುಡಿಯಲಿಲ್ಲ, ಬಸಿಯನ್ನು ಅವನ ಮುಖದ ಮುಂದೆ ಹಿಡಿದಳು.

“ಮೂರು ಎಮ್ಮಿ ಹಿಂಡೂ ಮನ್ಯಾಗ ಕರಿ ಚಹಾ ಯಾಕೋ, ಶಿವರುದ್ರಾ?”