ಸಕ್ಕರೆಯ ಸಾಲು

ವರ್ನಾ ಹಾಬ್ಸ್ ಮೊದಲು ಸಾಲಿಗೆ ಸೇರಿದಳು. ಸಾಲು ಯಾತಕ್ಕೆ ಎಂದು ಆಮೇಲೆ ಕೇಳಿದಳು.

ಯುದ್ಧದ ಎರಡನೆಯ ವರ್ಷ ಟೊಲೆಡೊ ಊರಿನ ಹೆಂಗಸರೆಲ್ಲ ಹಾಗೆಯೇ. ನಾಲ್ಕು ಜನ ಒಬ್ಬರ ಹಿಂದೊಬ್ಬರು ನಿಂತರೆ ಸಾಕು, ಐದನೆಯವಳು ಬಸ್ಸಿನಿಂದ ಹಾರುತ್ತಿದ್ದಳು. ಮುಂದೆ ಬೆಣ್ಣೆ ಇರಬಹುದು, ಕಾಫಿ ಇರಬಹುದು, ದೇವರು ಕಣ್ಣು ಬಿಟ್ಟರೆ ನೈಲಾನ್ ಕಾಲುಚೀಲವೂ ಇರಬಹುದು. ವಿಚಾರಿಸುತ್ತ ನಿಂತವಳಿಗೆ ಖಾಲಿ ಡಬ್ಬ.

ವರ್ನಾಗೆ ಬೇಕಿದ್ದದ್ದು ಸಕ್ಕರೆ. ಶನಿವಾರ ಮಗಳ ಮದುವೆ. ಹುಡುಗನಿಗೆ ಸೈನ್ಯದವರು ಕೊಟ್ಟದ್ದು ಮೂರೇ ದಿನದ ರಜೆ. ಮನೆಯ ಪಾಲಿನ ಸಕ್ಕರೆ ರೇಷನ್ ಚೀಟಿಗಳು ಮುಗಿದಿದ್ದವು. ಯುದ್ಧ ಶುರುವಾದ ವಾರವೇ ಅವಳು ಒಂದು ಮೂಟೆ ತಂದು ನೆಲಮಾಳಿಗೆಯಲ್ಲಿ ಇದ್ದಿಲ ರಾಶಿಯ ಹಿಂದೆ ಬಚ್ಚಿಟ್ಟಿದ್ದಳು. ಚೀಟಿ ಕೊಡುವವರು ಕೇಳಿದಾಗ ದೇವರಾಣೆ ಮಾಡಿ ಒಂದು ಚಮಚವೂ ಇಲ್ಲ ಎಂದಿದ್ದಳು. ದೇವರು ಏನೂ ಮಾಡಲಿಲ್ಲ. ಇರುವೆಗಳು ಮಾಡಿದವು. ಈಗ ಕೇಕಿಲ್ಲದ ಮದುವೆ. ಬೀಗಿತ್ತಿ ಆಗಲೇ ಚುಚ್ಚಿದ್ದಳು: "ಪರವಾಗಿಲ್ಲ ಬಿಡಿ ವರ್ನಾ, ಬ್ರೆಡ್ಡಿಗೇ ಮೇಣದ ಬತ್ತಿ ಚುಚ್ಚಿ ಕತ್ತರಿಸೋಣ."

ಕೋಟಿನೊಳಗೆ ಮಡಚಿಟ್ಟಿದ್ದ ಬಟ್ಟೆಚೀಲವನ್ನು ಮುಟ್ಟಿ ನೋಡಿಕೊಂಡು ಕತ್ತು ಚಾಚಿದಳು. ಸಾಲು ಮೂಲೆಯಲ್ಲಿ ತಿರುಗಿ ಪೋಲಿಷರ ಕೇರಿಯೊಳಗೆ ಮಾಯವಾಗಿತ್ತು. ಆ ಕೇರಿಯಲ್ಲಿ ಅಂಗಡಿಯೇ ಇಲ್ಲ. ಅಂದರೆ ಕಾಳಸಂತೆ. ವರ್ನಾಗೆ ಖುಷಿಯಾಯಿತು.

"ಏನು ಕೊಡ್ತಿದಾರಂತೆ ರೀ?"

"ನಂಗೇನು ಗೊತ್ತು?" ಮುಂದಿನವಳು ತಿರುಗಲೂ ಇಲ್ಲ. "ಇಷ್ಟು ಜನ ಮಳೇಲಿ ನಿಂತವ್ರೆ ಅಂದ್ಮೇಲೆ ಒಳ್ಳೇದೇ ಇರ್ಬೇಕು."

ಹನಿ ಜೋರಾಯಿತು. ನೈಲಾನ್ ಹಾಕಿದಂತೆ ಕಾಣಲೆಂದು ಕಾಲುಚೀಲ ಇಲ್ಲದ ಕಾಲಿಗೆ ಬಳಿದಿದ್ದ ಕಂದು ಬಣ್ಣ, ಮಗಳು ಹುಬ್ಬಿನ ಪೆನ್ಸಿಲಿನಿಂದ ಮೀನಖಂಡದ ಮೇಲೆ ಎಳೆದಿದ್ದ ಹೊಲಿಗೆಯ ಗೆರೆ, ಎರಡೂ ಬೂಟಿನತ್ತ ಇಳಿಯತೊಡಗಿದವು.

"ಅಮ್ಮಾ, ನಿಮ್ಮ ಕಾಲು ಕರಗ್ತಿದೆ," ಎಂದು ಹಿಂದಿನವನು ಹಲ್ಲು ಕಿರಿದ.

"ಯುದ್ಧ ನಡೀತಿದೆ, ಗೊತ್ತಿಲ್ವೇನಪ್ಪಾ?"

ಊರಿನಲ್ಲಿ ಎಲ್ಲದಕ್ಕೂ ಅದೇ ಉತ್ತರ. ತೂಕದಲ್ಲಿ ಹೊಡೆದ ಕಟುಕನೂ ಅದನ್ನೇ ಹೇಳುತ್ತಿದ್ದ, ಬಾಡಿಗೆ ಏರಿಸಿದ ಮನೆಯೊಡೆಯನೂ ಅದನ್ನೇ. ಎಲ್ಲೋ ಹುಡುಗರು ಸಾಯುತ್ತಿದ್ದರು, ಇಲ್ಲಿ ಇವರಿಗೆ ಮಾತು ಮುಗಿಸಲು ಅನುಕೂಲವಾಗಿತ್ತು.

ಮೂಲೆ ತಿರುಗಿದ ಮೇಲೆ ವರ್ನಾಳ ಸಂಶಯ ಗಟ್ಟಿಯಾಯಿತು. ಒಂದು ಸಣ್ಣ ಮನೆಯ ಬಾಗಿಲಲ್ಲಿ ಕರಿ ಕೋಟಿನವನೊಬ್ಬ ನಿಂತು ಒಂದು ಸಲಕ್ಕೆ ನಾಲ್ಕೈದು ಜನರನ್ನಷ್ಟೇ ಒಳಗೆ ಬಿಡುತ್ತಿದ್ದ. ಕಾವಲುಗಾರ! ಕಿಟಕಿಗಳಿಗೆಲ್ಲ ಪರದೆ. ಲಾರಿಯಿಂದ ಮಡಚುವ ಕುರ್ಚಿಗಳು ಇಳಿದು ಒಳಗೆ ಹೋದವು. ಕಾಯಿಸಿದ ಕಾಫಿಯ ವಾಸನೆ ಬಂತು, ನಿಜವಾದ ಕಾಫಿ. ಗಿರಾಕಿಗಳನ್ನು ಕೂರಿಸಿ ಉಪಚಾರ ಬೇರೆ ಮಾಡುತ್ತಾರೆ, ಬೆಲೆ ಎಷ್ಟಿರಬೇಡ!

ತಲೆಗೆ ವಸ್ತ್ರ ಕಟ್ಟಿದ ಅಜ್ಜಿಯೊಬ್ಬಳು ಮುಚ್ಚಿದ ಪಾತ್ರೆ ಹಿಡಿದು ಸಾಲನ್ನು ದಾಟಿ ನೇರ ಬಾಗಿಲಿಗೆ ನಡೆದಳು.

"ಏನಜ್ಜೀ, ನಾವೇನು ಕಂಬಗಳಾ?" ವರ್ನಾ ರೇಗಿದಳು. "ಪಾತ್ರೆ ತುಂಬಿಸ್ಕೊಂಡು ಹೋಗೋ ಆತುರವೋ?"

"ತುಂಬಿಸ್ಕೊಂಡೇ ಬಂದಿದೀನಿ ಮಗಳೇ."

ಪಾತ್ರೆಯ ಹಂದಿಕೊಬ್ಬು ಕೊಟ್ಟು ಸಕ್ಕರೆ ಒಯ್ಯುತ್ತಾಳೆ, ಪಕ್ಕಾ ಮುದುಕಿ!

ಹೊರಗೆ ಬಂದವರ ಕೈ ಖಾಲಿ, ತುಟಿ ಬಿಗಿ. ಎದುರು ಗೋಡೆಯ ಸರ್ಕಾರಿ ಚಿತ್ರಪಟ ಯುದ್ಧದ ಗುಟ್ಟು ಬಿಡಬೇಡಿ ಎಂದು ಎಚ್ಚರಿಸುತ್ತಿತ್ತು: ಬಾಯಿ ಸಡಿಲಿಸಿದರೆ ಹಡಗು ಮುಳುಗೀತು. ಬಸ್ ಓಡಿಸುವವನೊಬ್ಬ ಟೋಪಿ ಕೈಯಲ್ಲಿ ಹಿಡಿದು, ಖಾಲಿ ಚೀಲದಲ್ಲಿ ಮುಖ ಒರೆಸಿಕೊಳ್ಳುತ್ತ ಬಂದ. ವರ್ನಾ ಅವನ ತೋಳು ಹಿಡಿದಳು.

"ಏನು ಸಿಕ್ತಪ್ಪಾ? ನಿಜ ಹೇಳು."

ಅವನು ಅವಳನ್ನೂ ಅವಳ ಹಿಂದಿನ ಉದ್ದನೆಯ ಸಾಲನ್ನೂ ನೋಡಿದ. "ಸಕ್ಕರೆ," ಎಂದ. "ಸಾಲು ಬಿಡಬೇಡಿ."

ಚೀಲ ಖಾಲಿ, ಮಾಲು ಕೋಟಿನೊಳಗೆ! ಕಳ್ಳ! ವರ್ನಾಗೆ ಇನ್ನು ತಡೆಯಲಾಗಲಿಲ್ಲ. ಬೈಗುಳಗಳ ನಡುವೆ ಮೊಣಕೈಯಿಂದ ದಾರಿ ಬಿಡಿಸಿಕೊಂಡು ಬಾಗಿಲಿಗೆ ಹೋದಳು. "ನನ್ನ ಮಗ ಸೈನ್ಯದಲ್ಲಿದಾನೆ ಸ್ವಾಮಿ. ನನ್ನನ್ನ ಮೊದಲು ಬಿಡಿ." ಅವಳಿಗೆ ಗಂಡುಮಕ್ಕಳೇ ಇರಲಿಲ್ಲ.

ಕರಿ ಕೋಟಿನವನು ತಲೆ ಬಾಗಿಸಿ ಬಾಗಿಲು ತೆರೆದ.

ನಡುಮನೆಯಲ್ಲಿ ಶವಪೆಟ್ಟಿಗೆ ಇತ್ತು. ಒಳಗೆ ಸಮವಸ್ತ್ರ ತೊಟ್ಟ ಹುಡುಗ, ಗಲ್ಲದ ಮೇಲೆ ಇನ್ನೂ ಮೊಡವೆಗಳು. ಪಕ್ಕದ ಕುರ್ಚಿಯಿಂದ ಅವನ ತಾಯಿ ಎದ್ದು ವರ್ನಾಳ ಎರಡೂ ಕೈ ಹಿಡಿದುಕೊಂಡಳು.

"ಬನ್ನಿ ತಾಯಿ. ನಿಮ್ಮ ಮಗಾನೂ ಸೈನ್ಯದಲ್ಲಿದಾನಂತೆ, ಕೇಳಿಸ್ತು. ದೇವರು ಅವನನ್ನ ಚೆನ್ನಾಗಿಟ್ಟಿರಲಿ. ಇವನು ಯುದ್ಧಕ್ಕೇ ಹೋಗ್ಲಿಲ್ಲ. ತರಬೇತಿ ಶಿಬಿರದಲ್ಲೇ ಲಾರಿ ಮಗುಚ್ತು. ನಾವು ಈ ಊರಿಗೆ ಹೊಸಬರು, ಕಾರ್ಖಾನೆ ಕೆಲಸಕ್ಕೆ ಬಂದವರು. ನಾಲ್ಕು ಜನಾನೂ ಬರಲ್ಲ ಅಂದ್ಕೊಂಡಿದ್ದೆ. ನೋಡಿ, ಊರಿಗೆ ಊರೇ ಮಳೇಲಿ ನಿಂತಿದೆ ನನ್ನ ಮಗನಿಗೋಸ್ಕರ."

ವರ್ನಾ ಮೊಣಕಾಲೂರಿದಳು. ಕಾಲಿನ ಬಣ್ಣ ತೊಳೆದ ನೆಲಕ್ಕೆ ಹತ್ತಿತು. ತಾಯಿ ಅದನ್ನು ಗಮನಿಸದೆ ಒಂದು ಬಟ್ಟಲು ಕಾಫಿ ತಂದು ಚಮಚದ ಮೇಲೆ ಚಮಚ ಸಕ್ಕರೆ ಸುರಿದಳು.

"ರಜೆಗೆ ಬಂದ್ರೆ ಕೇಕ್ ಮಾಡೋಣ ಅಂತ ಕೂಡಿಟ್ಟಿದ್ದೆ. ಕುಡೀರಿ."

ವರ್ನಾ ಹೊರಬಂದಾಗ ಸಾಲು ಬಸ್ ನಿಲ್ದಾಣವನ್ನೂ ದಾಟಿತ್ತು. ಹೆಂಗಸೊಬ್ಬಳು ಅವಳ ತೋಳು ಹಿಡಿದಳು. "ಏನು ಸಿಕ್ತಮ್ಮಾ? ನಿಜ ಹೇಳಿ."

ವರ್ನಾ ಖಾಲಿ ಚೀಲದಲ್ಲಿ ಮುಖ ಒರೆಸಿಕೊಂಡಳು. "ಸಕ್ಕರೆ," ಎಂದಳು. "ಸಾಲು ಬಿಡಬೇಡಿ."